ಮಂಡಿಯೂರಿ ಹುಡುಕಿದ್ದು

ಉಮ್ಮರ್ ಹೇಳಿದ:
ಟೀಚರೇ, ನೀವು ದಿನಾ ಕೂರುವ ಕುರ್ಚಿಯ ಮೇಲೆ
ಈ ಸಬ್‌ವೂಫರ್ ಕೂರಿಸಿ.
ಪಾಟು ಹಾಕಿ. ಆಮೇಲೆ ನೀವು
ಗೋಡೆಯ ಗುಂಟ ಅಂಬೆಗಾಲಿಡಿ.
ಎಲ್ಲಿ ಸದ್ದು ಗುಂಯ್ಯೆನ್ನದೆ, ಸೊರಗದೆ, ಸಮನಾಗಿ ಸಿಗುತ್ತದೋ
ಅಲ್ಲೇ ಡಬ್ಬದ ಜಾಗ.

ಮೂವತ್ತೊಂದು ವರ್ಷ ಪೊನ್ನಂಪೇಟೆಯ ಮೈದಾನದಲ್ಲಿ
ಪೀಪಿ ಊದಿ ಊರ ಮಕ್ಕಳನ್ನೆಲ್ಲ ಓಡಿಸಿದವಳು.
ಬಲ ಮಂಡಿಯೊಳಗೆ ಎರಡು ಸ್ಟೀಲಿನ ಮೊಳೆ.
ಈಗ ನನ್ನದೇ ಹಾಲಿನ ಕೆಂಪು ನೆಲದ ಮೇಲೆ
ನಾಲ್ಕು ಕಾಲಿನ ಪ್ರಾಣಿ.

ಬಾಗಿಲಲ್ಲಿ ನಿಂತ ಅತ್ತಿಗೆ ಬೊಳ್ಳವ್ವ
'ಏನು ಕಳೆದುಹೋಯ್ತು?' ಅಂದಳು.
'ಕೆಳಗಿನ ಸದ್ದು.'
'ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲವಲ್ಲ!'

ನನಗೂ ಗೊತ್ತಿರಲಿಲ್ಲ.
ಹಳೆಯ ಜೋಡಿ ಸ್ಪೀಕರು ಪಾಪ, ಒಳ್ಳೆಯವೇ.
ಉಪ್ಪು, ಹುಳಿ, ಖಾರ ಎಲ್ಲ ಬಡಿಸುತ್ತಿದ್ದವು.
ಅನ್ನ ಮಾತ್ರ ಇರಲಿಲ್ಲ ಎಲೆಯಲ್ಲಿ.

ಮೂಲೆಯಲ್ಲಿ ಸದ್ದಿಗೆ ಹೊಟ್ಟೆ ಬರುತ್ತದೆ.
ಕೋಣೆಯ ನಟ್ಟನಡುವೆ
ಯಾರೋ ಬಾಚಿಕೊಂಡು ಹೋದಂತೆ ಬರಿದು.
ಕಿಟಕಿಯ ಕೆಳಗೆ, ಪತ್ರಿಕೆಗಳ ರಾಶಿಯ ಪಕ್ಕ,
ಕಿವಿಯನ್ನು ನೆಲಕ್ಕಿಟ್ಟು ಮಲಗಿದಾಗ ಸಿಕ್ಕಿತು.
ಏಳುವುದಕ್ಕೆ ಇಬ್ಬರು ಬೇಕಾಯಿತು.

ಮೊದಲ ರಾತ್ರಿ ಅಡುಗೆಮನೆಯ ಕಾಚಂಪುಳಿ ಬಾಟಲಿ
ಒಂದೇ ಒಂದು ಸ್ವರಕ್ಕೆ ಜೀರ್ ಎಂದು ಹಾಡಿತು.
ಗೋಡೆಯ ಕೋವಿಯ ಪಟ್ಟಿಗೆ ನಡುಕ.
ಬೊಳ್ಳವ್ವ ಬಾಟಲಿಯ ಕೊರಳಿಗೆ ಹಳೆ ವಸ್ತ್ರ ಸುತ್ತಿ
'ಇದನ್ನೂ ಸುಮ್ಮನಿರಿಸಬೇಕಾಯ್ತು' ಅಂದಳು, ನನ್ನ ಕಡೆ ನೋಡುತ್ತ.
ತೋಟದಾಚೆಯಿಂದ ಬೆಳ್ಯಪ್ಪ ಫೋನು ಮಾಡಿದ:
'ಆನೆ ಏನಾದರೂ ನಿಮ್ಮ ಕಡೆ ಇಳಿದಿದೆಯಾ?'

ಒಂದು ಸಾಲದು ಎಂದ ಉಮ್ಮರ್.
ಒಂದರ ಹಳ್ಳವನ್ನು ಇನ್ನೊಂದು ತುಂಬಬೇಕು.
ತಿಂಗಳ ಪಿಂಚಣಿಯಲ್ಲಿ ಅರ್ಧ ಅದಕ್ಕೆ ಹೋಯಿತು.
ಎರಡನೆಯದು ಬಂದ ದಿನ ಸದ್ದೇ ಇಲ್ಲ!
ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು.
ಎದುರುಬದುರು ನಿಂತ ಇಬ್ಬರು ಹುಡುಗಿಯರು
ಒಂದೇ ಏಟಿಗೆ ಒಂದೇ ಚೆಂಡಿಗೆ ಕೋಲು ಬೀಸಿದ ಹಾಗೆ,
ಚೆಂಡು ಇದ್ದಲ್ಲೇ.
ಹಿಂದೆ ಸಣ್ಣದೊಂದು ಸ್ವಿಚ್. ಒತ್ತಿದ.
ನೆಲ ಉಸಿರೆಳೆದುಕೊಂಡಿತು.

ಆಗ ತೆಗೆದೆ ಆ ಕ್ಯಾಸೆಟ್:
ಎಂಬತ್ತೊಂಬತ್ತರ ಮೇ, ಪೂವಮ್ಮನ ಮದುವೆಯ ಸಂಜೆ,
ಪಾಲಿಬೆಟ್ಟದ ಹಳೆ ಕ್ಲಬ್ಬಿನ ಹಲಗೆ ನೆಲ.
ವಾಲಗದ ಡೋಲು ಈಗ ಎದೆಗೆ ಬಡಿಯುತ್ತದೆಂದು
ಕಾದು ಕುಳಿತೆ.
ಬರಲಿಲ್ಲ.
'ಬಟಾಣಿಯಷ್ಟು ಮೈಕು, ಟೀಚರೇ.
ಟೇಪಲ್ಲಿ ಇಲ್ಲದ್ದನ್ನು ನಾನೆಲ್ಲಿಂದ ತರಲಿ?
ನಾನು ಮಾರುವುದು ಡಬ್ಬ' ಎಂದ ಉಮ್ಮರ್, ತಂತಿ ಸುತ್ತುತ್ತ.

ಬಂದದ್ದು ಬೇರೆ.
ಕ್ಲಬ್ಬಿನ ಹಿಂದೆಲ್ಲೋ ಗುರುಗುಟ್ಟುವ ಜನರೇಟರು.
ಮೇಜು ಎಳೆದದ್ದು.
ಮತ್ತೆ, ಎಲ್ಲಕ್ಕೂ ಅಡಿಯಲ್ಲಿ, ಕಾಲುಗಳು.
ನೂರು ಜೋಡಿ ಇರಬೇಕು, ಹಲಗೆಯ ಮೇಲೆ,
ಕುಣಿಯುವ, ದಣಿಯದ, ಹೆಸರಿಲ್ಲದ ಕಾಲುಗಳು.
ಮೂವತ್ತು ವರ್ಷ ಈ ಟೇಪು ಕೇಳಿದ್ದೇನೆ.
ಒಂದು ಹೆಜ್ಜೆಯೂ ಕೇಳಿರಲಿಲ್ಲ.

ಅವುಗಳ ನಡುವೆ ಒಂದು
ಪ್ರತಿ ಸಲ ಅರೆಗಳಿಗೆ ಮೊದಲೇ ಬೀಳುತ್ತಿತ್ತು
ಧಪ್ ಎಂದು, ಅವಸರದಲ್ಲಿ.
ಬೊಳ್ಳವ್ವ ಚಪ್ಪಲಿ ಕಳಚಿ
ಬರಿಗಾಲನ್ನು ನೆಲಕ್ಕೊತ್ತಿ ಆಲಿಸಿದಳು.
'ಇದು ನೀನು.
ಆಗಲೂ ತಾಳಕ್ಕೆ ಕಾಯುತ್ತಿರಲಿಲ್ಲ.'

ಮೊಳೆಯಿಲ್ಲದ ಮಂಡಿಯ ಭಾರ
ಕೆಂಪು ನೆಲದಿಂದ ನನ್ನ ಹಿಮ್ಮಡಿಗೆ ಹತ್ತಿತು.

ಹೊರಡುವ ಮುನ್ನ ಉಮ್ಮರ್ ಗುಬುಟನ್ನು ತಿರುಗಿಸಿ ಇಳಿಸಿದ:
ಇದೆ ಅಂತ ಗೊತ್ತಾಗಲೇಬಾರದು, ಟೀಚರೇ.
ಆರಿಸಿದರೆ ಮಾತ್ರ ಗೊತ್ತಾಗಬೇಕು. ಅದು ಅಳತೆ.

ಸರಿ ಎಂದೆ.
ಅವನ ಸ್ಕೂಟರು ತಿರುವು ದಾಟಿದ ಮೇಲೆ
ಒಂದು ಗೆರೆ ಏರಿಸಿದೆ.
ಬಾಟಲಿ ವಸ್ತ್ರದೊಳಗಿಂದಲೇ ಗೊಣಗುತ್ತಿದೆ.